ಬೀಥೋವನ್‌ನ ಲಿವರ್: ಸಾವು ಒಂದು, ಆರೋಪಿಗಳು ನಾಲ್ಕು

ತನ್ನ ಕಾಯಿಲೆ ಏನು ಅಂತ ಜಗತ್ತಿಗೆ ತಿಳಿಸಿಬಿಡಿ ಎಂದು ಲುಡ್ವಿಗ್ ವಾನ್ ಬೀಥೋವನ್ ಬರೆದಿಟ್ಟಿದ್ದು 1802ರ ಅಕ್ಟೋಬರ್‌ನಲ್ಲಿ. ಆಗ ಅವನಿಗೆ 31 ವರ್ಷ. ವಿಯೆನ್ನಾದ ಹೊರಗಿದ್ದ ಹೈಲಿಗೆನ್‌ಸ್ಟಾಟ್ ಅನ್ನೋ ಹಳ್ಳಿಯಲ್ಲಿ ಕೂತು ತಮ್ಮಂದಿರಿಬ್ಬರಿಗೆ ಒಂದು ಪತ್ರ ಬರೆದ. ಕಿವಿ ಕೇಳಿಸದಾಗ್ತಾ ಇದೆ, ಅದನ್ನು ಮುಚ್ಚಿಡೋಕೆ ಜನರಿಂದ ತಪ್ಪಿಸಿಕೊಂಡು ತಿರುಗ್ತಾ ಇದ್ದೀನಿ, ಜನ ನನ್ನನ್ನು ಗರ್ವಿಷ್ಠ ಅಂದುಕೊಂಡಿದ್ದಾರೆ ಅನ್ನೋದು ಅದರ ಸಾರ. ಕೊನೆಯಲ್ಲೊಂದು ವಿನಂತಿ ಇತ್ತು. ತಾನು ಸತ್ತ ಮೇಲೆ ತನ್ನ ವೈದ್ಯ ಶ್ಮಿಟ್ ಬದುಕಿದ್ದರೆ, ಅವರಿಂದ ರೋಗದ ವಿವರ ಬರೆಸಿ ಈ ಪತ್ರದ ಜೊತೆ ಇಡಬೇಕು. ಆಗಲಾದರೂ ಜಗತ್ತು ತನ್ನೊಂದಿಗೆ ರಾಜಿಯಾದೀತು.

ಪತ್ರವನ್ನು ಅವನು ಕಳಿಸಲೇ ಇಲ್ಲ. 1827ರಲ್ಲಿ ಸತ್ತಾಗ ಅವನ ಕಾಗದಪತ್ರಗಳ ನಡುವೆ ಸಿಕ್ಕಿತು. ಡಾಕ್ಟರ್ ಶ್ಮಿಟ್ ಅದಕ್ಕೂ 18 ವರ್ಷ ಮೊದಲೇ, 1809ರಲ್ಲಿ ತೀರಿಕೊಂಡಿದ್ದರು.

ಅವನು ಜಗತ್ತಿಗೆ ತಿಳಿಸಬೇಕು ಅಂದುಕೊಂಡಿದ್ದು ಕಿವುಡುತನದ ಬಗ್ಗೆ. ಅವನನ್ನು ಕೊಂದಿದ್ದು ಬೇರೆ. ಕೊಂದಿದ್ದು ಲಿವರ್. ಆ ಲಿವರ್ ಯಾಕೆ ಹಾಳಾಯ್ತು ಅನ್ನೋದರ ಮೇಲೆ ಸುಮಾರು 200 ವರ್ಷ ಜಗಳ ನಡೆದಿದೆ. ಒಂದು ಗುಂಪಿಗೆ ಅವನು ಕುಡುಕ. ಅಪ್ಪ ಕುಡುಕ, ಅಜ್ಜಿ ಕುಡುಕಿ, ಇವನೂ ಹಾಗೇ ಸತ್ತ, ಕಥೆ ಮುಗೀತು. ಇನ್ನೊಂದು ಗುಂಪಿಗೆ ಅವನು ಸಂತ. ಅಂಥವನು ಕುಡಿದು ಸತ್ತ ಅಂದ್ರೆ ಅವರಿಗೆ ಕೋಪ ಬರುತ್ತೆ. ನನಗೆ ಈ ಜಗಳದಲ್ಲಿ ಆಸಕ್ತಿ ಹುಟ್ಟಿದ್ದು ಸಂಗೀತದಿಂದಲ್ಲ. ನಾನು ಓದಿದ್ದು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್. ಒಂದು ಸಿಸ್ಟಂ ಕುಸಿದಾಗ ಒಂದೇ ಕಾರಣ ಹುಡುಕಬೇಡಿ ಅಂತ ನಮಗೆ ಮೊದಲ ವರ್ಷದಿಂದಲೇ ತಲೆಗೆ ತುಂಬಿದ್ದರು. ಮನುಷ್ಯ ಕುಸಿದಾಗ ಮಾತ್ರ ನಾವೆಲ್ಲ ಒಂದೇ ಕಾರಣ ಹುಡುಕ್ತೀವಿ, ಅದೂ ಅವನ ಚಾರಿತ್ರ್ಯದಲ್ಲಿ.

ಶುರುವಿನಿಂದ ನೋಡೋಣ.

ಬೀಥೋವನ್ ಹುಟ್ಟಿದ್ದು ಜರ್ಮನಿಯ ಬಾನ್ ಪಟ್ಟಣದಲ್ಲಿ. ದೀಕ್ಷಾಸ್ನಾನ ಆಗಿದ್ದು 1770ರ ಡಿಸೆಂಬರ್ 17ರಂದು. ತಾತ ಅಲ್ಲಿನ ಅರಮನೆಯ ಸಂಗೀತ ನಿರ್ದೇಶಕ, ಪಕ್ಕದಲ್ಲಿ ವೈನ್ ವ್ಯಾಪಾರವನ್ನೂ ಇಟ್ಟುಕೊಂಡಿದ್ದವನು. ಅಜ್ಜಿ ಮರಿಯಾ ಯೋಸೆಫಾ ಕುಡಿತಕ್ಕೆ ಬಿದ್ದು ಕೊನೆಗೆ ಒಂದು ಮಠದಲ್ಲಿ ಇರಿಸಲ್ಪಟ್ಟವಳು. ಅಪ್ಪ ಯೋಹಾನ್ ಅರಮನೆಯ ಗಾಯಕ. ಅವನ ದನಿಗಿಂತ ಅವನ ಕುಡಿತ ಹೆಚ್ಚು ಪ್ರಸಿದ್ಧವಾಗಿತ್ತು. 1787ರಲ್ಲಿ ತಾಯಿ ಕ್ಷಯದಿಂದ ತೀರಿಕೊಂಡಳು. 1789ರಲ್ಲಿ, ಅಂದ್ರೆ ಪ್ಯಾರಿಸ್‌ನಲ್ಲಿ ಬಾಸ್ಟಿಲ್ ಬಿದ್ದ ವರ್ಷ, ಇನ್ನೂ 19 ತುಂಬದ ಲುಡ್ವಿಗ್ ಅರಮನೆಗೆ ಅರ್ಜಿ ಹಾಕಿದ: ಅಪ್ಪನ ಸಂಬಳದಲ್ಲಿ ಅರ್ಧವನ್ನು ತನಗೆ ಕೊಡಿ, ತಮ್ಮಂದಿರನ್ನು ಸಾಕಬೇಕು. ಅರ್ಜಿ ಮಂಜೂರಾಯ್ತು. ಕುಡುಕ ಅಪ್ಪನ ಹಿರಿಮಗ ಆಗೋದು ಅಂದ್ರೇನು ಅಂತ ನಮ್ಮಲ್ಲಿ ಬಹಳ ಮನೆಗಳಿಗೆ ವಿವರಿಸಬೇಕಿಲ್ಲ.

1792ರ ನವೆಂಬರ್‌ನಲ್ಲಿ ವಿಯೆನ್ನಾಗೆ ಹೋದ. ಹಿಂದಿನಿಂದ ಫ್ರೆಂಚ್ ಕ್ರಾಂತಿಯ ಸೈನ್ಯ ರೈನ್ ನದಿಯತ್ತ ಬರ್ತಾ ಇತ್ತು. ಡಿಸೆಂಬರ್‌ನಲ್ಲಿ ಅಪ್ಪ ಸತ್ತ. ಆಮೇಲೆ ಬೀಥೋವನ್ ಬಾನ್‌ಗೆ ವಾಪಸ್ ಹೋಗಲೇ ಇಲ್ಲ.

ಅವನ ರಾಜಕೀಯದ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕಂದ್ರೆ ಎಡದವರೂ ಬಲದವರೂ ಅವನನ್ನು ತಮ್ಮವನು ಅಂತ ಎಳೆದಾಡಿದ್ದಾರೆ. ಮೂರನೇ ಸಿಂಫನಿಗೆ ಅವನು ಬೋನಪಾರ್ಟೆಯ ಹೆಸರಿಡಲು ಹೊರಟಿದ್ದ. 1804ರಲ್ಲಿ ನೆಪೋಲಿಯನ್ ತನ್ನನ್ನು ಚಕ್ರವರ್ತಿ ಅಂತ ಘೋಷಿಸಿಕೊಂಡ ಸುದ್ದಿ ಬಂತು; ಮುಖಪುಟದ ಮೇಲಿದ್ದ ಆ ಹೆಸರನ್ನು ಕಾಗದ ತೂತಾಗುವಷ್ಟು ಜೋರಾಗಿ ಕೆರೆದು ಅಳಿಸಲಾಗಿದೆ. ಆ ಪ್ರತಿ ಈಗಲೂ ವಿಯೆನ್ನಾದಲ್ಲಿದೆ. ಅವನ ಒಂದೇ ಒಂದು ಆಪೆರಾ ಫಿಡೆಲಿಯೊ, ರಾಜಕೀಯ ಕೈದಿಯೊಬ್ಬನನ್ನು ಅವನ ಹೆಂಡತಿ ಸೆರೆಯಿಂದ ಬಿಡಿಸುವ ಕಥೆ. ವಿಚಿತ್ರ ಏನು ಗೊತ್ತಾ, 1805ರ ನವೆಂಬರ್‌ನಲ್ಲಿ ಅದರ ಮೊದಲ ಪ್ರದರ್ಶನ ಆದಾಗ ವಿಯೆನ್ನಾ ನೆಪೋಲಿಯನ್‌ನ ವಶದಲ್ಲಿತ್ತು, ಮುಂದಿನ ಸಾಲುಗಳಲ್ಲಿ ಕೂತಿದ್ದವರು ಫ್ರೆಂಚ್ ಅಧಿಕಾರಿಗಳು.

ಇಷ್ಟಕ್ಕೇ ಅವನನ್ನು ಕ್ರಾಂತಿಕಾರಿ ಪೋಸ್ಟರ್ ಮಾಡಬೇಡಿ. 1814ರಲ್ಲಿ ಯುರೋಪಿನ ರಾಜರೆಲ್ಲ ವಿಯೆನ್ನಾದಲ್ಲಿ ಸೇರಿ ಕ್ರಾಂತಿಯನ್ನು ಹೂಳುವ ಸಮಾವೇಶ ಮಾಡಿದಾಗ, ಅವರನ್ನು ಹೊಗಳೋಕೆ ಒಂದು ಹಾಡುಗಬ್ಬವನ್ನೇ ಇವನು ರಚಿಸಿದ. ತಮ್ಮ ಸತ್ತ ಮೇಲೆ ಅವನ ಮಗ ಕಾರ್ಲ್‌ನನ್ನು ತಾಯಿಯ ಕೈಯಿಂದ ಕಿತ್ತುಕೊಳ್ಳಲು ಸುಮಾರು ಐದು ವರ್ಷ ಕೋರ್ಟು ಅಲೆದ. ಹೆಸರಿನ ವಾನ್ ಅನ್ನೋದನ್ನು ಕುಲೀನತೆಯ ಗುರುತು ಎಂಬಂತೆ ನಡೆದುಕೊಂಡು ಕುಲೀನರ ಕೋರ್ಟಿಗೇ ಹೋಗಿದ್ದ; ಅದು ಬರೀ ಡಚ್ ಮನೆತನದ ಹೆಸರು ಅಂತ ಗೊತ್ತಾದಾಗ ಕೇಸನ್ನು ಸಾಮಾನ್ಯರ ಕೋರ್ಟಿಗೆ ದಬ್ಬಿದರು. ಆ ತಾಯಿ ಯೋಹಾನಾಳನ್ನು ಅವನು ನಡೆಸಿಕೊಂಡ ರೀತಿಗೆ ಯಾವ ಸಿಂಫನಿಯೂ ಸಮಜಾಯಿಷಿ ಅಲ್ಲ.

1818ರಿಂದ ಅವನ ಜೊತೆ ಮಾತಾಡಬೇಕಾದವರು ಪುಸ್ತಕದಲ್ಲಿ ಬರೆದು ತೋರಿಸಬೇಕಿತ್ತು, ಅಷ್ಟು ಕಿವುಡು. ಆ ಸಂಭಾಷಣೆ ಪುಸ್ತಕಗಳು ನೂರಕ್ಕೂ ಹೆಚ್ಚು ಉಳಿದಿವೆ. ಅವುಗಳಲ್ಲಿ ಊಟದ ಬೆಲೆಯಂಥ ಚಿಲ್ಲರೆ ವಿಷಯಗಳ ನಡುವೆ, ಪಕ್ಕದ ಟೇಬಲ್ಲಿನಲ್ಲಿ ಪೊಲೀಸ್ ಗೂಢಚಾರ ಇದ್ದಾನೆ ಅಂತ ಗೆಳೆಯರು ಎಚ್ಚರಿಸಿದ ಸಾಲುಗಳೂ ಇವೆ. ಮೆಟರ್ನಿಕ್‌ನ ಕಾಲ ಅದು. ಕಾಫಿ ಮನೆಯಲ್ಲಿ ಆಡಿದ ಮಾತು ಫೈಲಿಗೆ ಹೋಗ್ತಿತ್ತು. ಕಿವಿ ಕೇಳಿಸದವನು ಜೋರಾಗಿ ಸರ್ಕಾರವನ್ನು ಬೈತಾನೆ ಅಂದ್ರೆ ಗೆಳೆಯರ ಪಾಡು ಊಹಿಸಿಕೊಳ್ಳಿ.

ಈಗ ಲಿವರ್‌ಗೆ ಬರೋಣ.

1821ರ ಬೇಸಿಗೆಯಲ್ಲಿ ಅವನಿಗೆ ಕಾಮಾಲೆ ಆಯ್ತು. ಕಣ್ಣು, ಚರ್ಮ ಹಳದಿ. ಕೆಲವು ವಾರಗಳಲ್ಲಿ ಇಳೀತು. ನಮ್ಮ ಕಡೆ ಕಾಮಾಲೆ ಇಳಿದ್ರೆ ಕಥೆ ಮುಗೀತು ಅಂತ ನಾಟಿ ಔಷಧಿ ಕೊಟ್ಟವರಿಗೆ ಕೈಮುಗಿದು ಮನೆಗೆ ಬರ್ತೀವಿ. ಕಾಮಾಲೆ ರೋಗ ಅಲ್ಲ, ಅದು ಸೂಚಕ ದೀಪ. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಬಿಲಿರುಬಿನ್ ಅನ್ನೋ ಹಳದಿ ವಸ್ತು ಹುಟ್ಟುತ್ತೆ. ಅದನ್ನು ನೀರಲ್ಲಿ ಕರಗುವಂತೆ ಮಾಡಿ ಪಿತ್ತದ ಮೂಲಕ ಹೊರಗೆ ಹಾಕೋದು ಲಿವರ್‌ನ ಕೆಲಸ. ಡೆಸಿಲೀಟರ್ ರಕ್ತದಲ್ಲಿ ಅದು ಸಾಮಾನ್ಯವಾಗಿ 1 ಮಿಲಿಗ್ರಾಂ ಆಸುಪಾಸು. ಕಣ್ಣಿನ ಬಿಳಿಭಾಗ ಹಳದಿ ಕಾಣೋದು ಸುಮಾರು 2.5, 3 ದಾಟಿದ ಮೇಲೆ. ಅಂದ್ರೆ ಕನ್ನಡಿಯಲ್ಲಿ ಕಾಣೋ ಹೊತ್ತಿಗೆ ಅಂಕಿ ಆಗಲೇ ಮೂರು ಪಟ್ಟು ಏರಿರುತ್ತೆ. ಹಾಗೇ, ಹಳದಿ ಇಳಿದಾಕ್ಷಣ ಒಳಗಿನ ಹಾನಿ ನಿಂತಿದೆ ಅಂತ ಏನಿಲ್ಲ.

1825ರ ವಸಂತದಲ್ಲಿ ಮತ್ತೆ ಮಲಗಿದ. ಹೊಟ್ಟೆನೋವು, ಮೂಗಿನಿಂದ ರಕ್ತ, ಕಫದಲ್ಲೂ ರಕ್ತ. ಡಾಕ್ಟರ್ ಬ್ರೌನ್‌ಹೋಫರ್ ವೈನ್ ಬೇಡ, ಕಾಫಿ ಬೇಡ, ಮಸಾಲೆ ಬೇಡ ಅಂದರು. ಚೇತರಿಸಿಕೊಂಡ ಮೇಲೆ ಎ ಮೈನರ್ ಕ್ವಾರ್ಟೆಟ್‌ನ ನಿಧಾನ ಚಲನೆಯನ್ನು ಬರೆದ, ವಾಸಿಯಾದ ರೋಗಿಯೊಬ್ಬ ದೇವರಿಗೆ ಸಲ್ಲಿಸುವ ಕೃತಜ್ಞತೆ ಅನ್ನೋ ಅರ್ಥದ ಶೀರ್ಷಿಕೆ ಕೊಟ್ಟು. ಕೇಳಿಲ್ಲದಿದ್ದರೆ ಒಮ್ಮೆ ಕೇಳಿ. ಕಾಲು ಗಂಟೆ ಮೀಸಲಿಡಿ, ಫೋನ್ ಪಕ್ಕಕ್ಕಿಡಿ.

ಆ ಮೂಗಿನ ರಕ್ತ ಮುಖ್ಯವಾದ ಸುಳಿವು. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳಲ್ಲಿ ಬಹುತೇಕ ಎಲ್ಲವನ್ನೂ ತಯಾರಿಸೋದು ಲಿವರ್. ಜೊತೆಗೆ, ಲಿವರ್ ಗಾಯವಾಗಿ, ಮಾಸಿ, ಮತ್ತೆ ಗಾಯವಾಗಿ ಗಟ್ಟಿಯಾದಾಗ ಕರುಳಿನಿಂದ ಅದಕ್ಕೆ ಬರೋ ರಕ್ತಕ್ಕೆ ದಾರಿ ಸಿಗಲ್ಲ. ರಾಜಕಾಲುವೆ ಒತ್ತುವರಿ ಆದ ಮೇಲೆ ಮಳೆನೀರು ಏನು ಮಾಡುತ್ತೆ? ಬಡಾವಣೆಗೆ ನುಗ್ಗುತ್ತೆ. ಇಲ್ಲೂ ಅದೇ. ಒತ್ತಡ ಹಿಂದಕ್ಕೆ ತಳ್ಳಿ ಗುಲ್ಮ ಊದಿಕೊಳ್ಳುತ್ತೆ, ಊದಿದ ಗುಲ್ಮದಲ್ಲಿ ಪ್ಲೇಟ್‌ಲೆಟ್‌ಗಳು ಸಿಕ್ಕಿಬೀಳುತ್ತವೆ, ರಕ್ತದಲ್ಲಿ ಅವುಗಳ ಸಂಖ್ಯೆ ಇಳಿಯುತ್ತೆ. ಅನ್ನನಾಳದ ಬುಡದಲ್ಲಿ ರಕ್ತನಾಳಗಳು ಹಿಗ್ಗುತ್ತವೆ, ಒಡೆದರೆ ರಕ್ತವಾಂತಿ. ದ್ರವ ಸೋರಿ ಹೊಟ್ಟೆಯಲ್ಲಿ ನಿಂತರೆ ಜಲೋದರ. ಈ ಗಟ್ಟಿಯಾದ ಲಿವರ್‌ಗೆ ಸಿರೋಸಿಸ್ ಅಂತ ಹೆಸರಿಟ್ಟಿದ್ದು ಸ್ಟೆತಸ್ಕೋಪ್ ಕಂಡುಹಿಡಿದ ಫ್ರೆಂಚ್ ವೈದ್ಯ ಲೆನೆಕ್, 1819ರಲ್ಲಿ. ಬೀಥೋವನ್‌ಗೆ ಕಾಮಾಲೆ ಬಂದಾಗ ಆ ಪದಕ್ಕೆ ಎರಡೇ ವರ್ಷ ವಯಸ್ಸು.

1826ರ ಬೇಸಿಗೆಯಲ್ಲಿ ಕಾರ್ಲ್ ತಲೆಗೆ ಗುಂಡು ಹಾರಿಸಿಕೊಂಡ. ಬದುಕಿದ. ದೊಡ್ಡಪ್ಪನ ಪ್ರೀತಿ ಉಸಿರುಗಟ್ಟಿಸಿತ್ತು ಅನ್ನೋದರಲ್ಲಿ ನನಗೆ ಸಂಶಯ ಇಲ್ಲ. ಇಬ್ಬರೂ ಸೇರಿ ಗ್ನೈಕ್ಸೆಂಡಾರ್ಫ್‌ನಲ್ಲಿದ್ದ ಇನ್ನೊಬ್ಬ ತಮ್ಮ ಯೋಹಾನ್‌ನ ಎಸ್ಟೇಟಿಗೆ ಹೋದರು. ಅಲ್ಲಿದ್ದಾಗಲೇ ಬೀಥೋವನ್‌ನ ಕಾಲು ಊದಿಕೊಂಡಿತ್ತು, ಊಟ ಸೇರ್ತಿರಲಿಲ್ಲ. ಡಿಸೆಂಬರ್ ಮೊದಲ ದಿನಗಳಲ್ಲಿ ತೆರೆದ ಗಾಡಿಯಲ್ಲಿ, ಚಳಿಯಲ್ಲಿ, ದಾರಿಯ ಹಳ್ಳಿಯೊಂದರಲ್ಲಿ ಬೆಂಕಿಯೂ ಇಲ್ಲದ ಕೋಣೆಯಲ್ಲಿ ರಾತ್ರಿ ಕಳೆದು ವಿಯೆನ್ನಾಗೆ ಬಂದ. ಜ್ವರ, ನ್ಯುಮೋನಿಯಾ. ಅದು ಕಡಿಮೆಯಾಗ್ತಿದೆ ಅನ್ನುವಷ್ಟರಲ್ಲಿ ಮೈಯೆಲ್ಲ ಹಳದಿ, ವಾಂತಿ, ಭೇದಿ, ನಡುಕ, ಆಮೇಲೆ ಹೊಟ್ಟೆ ಊದಲು ಶುರು.

ಡಿಸೆಂಬರ್ 20ಕ್ಕೆ ಸರ್ಜನ್ ಸೈಬರ್ಟ್ ಹೊಟ್ಟೆ ಚುಚ್ಚಿ ನೀರು ತೆಗೆದರು. ಒಂದೇ ಸಲಕ್ಕೆ 25 ಪೌಂಡ್ ಅಂತ ಚಿಕಿತ್ಸೆ ನೋಡಿಕೊಳ್ತಿದ್ದ ಡಾಕ್ಟರ್ ವಾವ್ರುಕ್ ದಾಖಲಿಸಿದ್ದಾರೆ. ಅರಿವಳಿಕೆ ಇನ್ನೂ ಬಂದಿರಲಿಲ್ಲ, ಕ್ರಿಮಿನಾಶ ಅನ್ನೋ ಕಲ್ಪನೆಯೇ ಇರಲಿಲ್ಲ. ನೀರು ಚಿಮ್ಮಿದಾಗ ರೋಗಿ, ಕೋಲಿನಿಂದ ಬಂಡೆಗೆ ಹೊಡೆದು ನೀರು ಬರಿಸಿದ ಮೋಸೆಸ್‌ಗೆ ಸರ್ಜನ್‌ನನ್ನು ಹೋಲಿಸಿ ತಮಾಷೆ ಮಾಡಿದನಂತೆ. ಜನವರಿ 8, ಫೆಬ್ರವರಿ 2, ಫೆಬ್ರವರಿ 27, ಹೀಗೆ ಇನ್ನೂ ಮೂರು ಸಲ ಚುಚ್ಚಿದರು. ಗಾಯ ಸೋರ್ತಾ ಇತ್ತು, ಹಾಸಿಗೆ ಒದ್ದೆಯಾಗ್ತಾ ಇತ್ತು. ಹಳೆಯ ಪರಿಚಯದ ಡಾಕ್ಟರ್ ಮಾಲ್ಫಾಟಿ ಬಂದು ಮದ್ಯ ಬೆರೆಸಿದ ಹಿಮಗಟ್ಟಿದ ಪಂಚ್ ಕೊಡಿ ಅಂದರು. ಮೊದಮೊದಲು ನಿದ್ದೆ, ಉಲ್ಲಾಸ. ಆಮೇಲೆ ರೋಗಿ ಅದನ್ನೇ ಜಾಸ್ತಿ ಕೇಳೋಕೆ ಶುರು ಮಾಡಿದ, ಅಳತೆ ತಪ್ಪಿತು. ಬಿಸಿನೀರಿನ ಹೂಜಿಗಳ ಮೇಲೆ ಬರ್ಚ್ ಎಲೆ ಹಾಸಿ ಹಬೆ ಕೊಟ್ಟ ಚಿಕಿತ್ಸೆಯಿಂದ ಮೈ ಮತ್ತಷ್ಟು ಊದಿತು. ಸಿರೋಸಿಸ್ ರೋಗಿಗೆ ವೈದ್ಯರೇ ಮದ್ಯ ಬರೆದುಕೊಟ್ಟಿದ್ದು ಇವತ್ತು ಓದಿದರೆ ಸಿಟ್ಟು ಬರುತ್ತೆ. ಆದ್ರೆ ಅವರ ಕೈಯಲ್ಲಿ ಏನಿತ್ತು ಹೇಳಿ?

ಆ ದಿನ ಅವನ ತೋಳಿನಿಂದ ಐದು ಮಿಲಿಲೀಟರ್ ರಕ್ತ ತೆಗೆದು ಇವತ್ತಿನ ಯಾವುದೇ ತಾಲ್ಲೂಕು ಮಟ್ಟದ ಲ್ಯಾಬಿಗೆ ಕೊಟ್ಟಿದ್ದರೆ ಏನು ಕಾಣ್ತಿತ್ತು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೀನಿ. ಎಲ್‌ಎಫ್‌ಟಿ ಅಂತ ನಾವು ಕರೆಯೋ ಆ ಒಂದು ಪುಟದ ರಿಪೋರ್ಟ್ ತಯಾರಾಗೋಕೆ ವಿಜ್ಞಾನಕ್ಕೆ ಬೀಥೋವನ್ ಸತ್ತು ನೂರಕ್ಕೂ ಹೆಚ್ಚು ವರ್ಷ ಬೇಕಾಯ್ತು. ರಕ್ತದ ಬಿಲಿರುಬಿನ್ ಅಳೆಯುವ ವಿಧಾನವನ್ನು ಡಚ್ ವೈದ್ಯ ವಾನ್ ಡೆನ್ ಬರ್ಗ್ ರೂಪಿಸಿದ್ದು 1913ರಲ್ಲಿ. ರಕ್ತ ಹೆಪ್ಪುಗಟ್ಟಲು ಎಷ್ಟು ಸೆಕೆಂಡ್ ಬೇಕು ಅಂತ ನೋಡೋ ಪ್ರೋಥ್ರಾಂಬಿನ್ ಟೈಮ್ ಅನ್ನು ಆರ್ಮಂಡ್ ಕ್ವಿಕ್ ಕೊಟ್ಟಿದ್ದು 1935ರಲ್ಲಿ. ಎಸ್‌ಜಿಒಟಿ, ಎಸ್‌ಜಿಪಿಟಿ, ಅಂದ್ರೆ ಈಗಿನ ಎಎಸ್‌ಟಿ ಮತ್ತು ಎಎಲ್‌ಟಿ, ನ್ಯೂಯಾರ್ಕ್‌ನ ಸಂಶೋಧಕರ ಕೈಯಲ್ಲಿ ರೋಗ ಪತ್ತೆಯ ಸಾಧನ ಆಗಿದ್ದು 1950ರ ದಶಕದ ನಡುವೆ.

ಈ ರಿಪೋರ್ಟನ್ನು ಓದೋದು ಹೇಗೆ ಅಂತ ತಿಳ್ಕೊಂಡಿರೋದು ಒಳ್ಳೇದು, ಯಾಕಂದ್ರೆ ಅದರ ಹೆಸರೇ ದಾರಿ ತಪ್ಪಿಸುತ್ತೆ. ಎಎಲ್‌ಟಿ, ಎಎಸ್‌ಟಿ ಎರಡೂ ಲಿವರ್ ಹೇಗೆ ಕೆಲಸ ಮಾಡ್ತಿದೆ ಅಂತ ಹೇಳೋದಿಲ್ಲ. ಅವು ಜೀವಕೋಶದ ಒಳಗಿರಬೇಕಾದ ಕಿಣ್ವಗಳು. ಕೋಶ ಒಡೆದಾಗ ರಕ್ತಕ್ಕೆ ಚೆಲ್ಲುತ್ತವೆ. ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಬದಲಾದರೂ 40 ಯೂನಿಟ್ ಒಳಗಿದ್ದರೆ ಸಾಮಾನ್ಯ ಅಂತಾರೆ. ತೀವ್ರ ಹೆಪಟೈಟಿಸ್‌ನಲ್ಲಿ ಸಾವಿರ ದಾಟಬಹುದು. ಕುಡಿತದಿಂದ ಆದ ಹಾನಿಯಲ್ಲಿ ಎಎಸ್‌ಟಿಯು ಎಎಲ್‌ಟಿಯ ಎರಡು ಪಟ್ಟು ಅಥವಾ ಹೆಚ್ಚಿರೋದು ಒಂದು ಸುಳಿವು, ಜಿಜಿಟಿ ಅನ್ನೋ ಇನ್ನೊಂದು ಕಿಣ್ವವೂ ಏರಿರುತ್ತೆ. ಜಿಜಿಟಿ ಜೊತೆ ಆಲ್ಕಲೈನ್ ಫಾಸ್ಫಟೇಸ್ ಏರಿದ್ದರೆ ಪಿತ್ತನಾಳದ ಕಡೆ ನೋಡಬೇಕು, ಕಲ್ಲು ಅಡ್ಡ ಬಂದಿರಬಹುದು. ಮೋಸ ಎಲ್ಲಿದೆ ಅಂದ್ರೆ, ಪೂರ್ತಿ ಗಟ್ಟಿಯಾದ ಲಿವರ್‌ನಲ್ಲಿ ಒಡೆಯೋಕೆ ಕೋಶಗಳೇ ಕಡಿಮೆ ಉಳಿದಿರುತ್ತವೆ. ಆಗ ಎಎಲ್‌ಟಿ ನಾರ್ಮಲ್ ಅಂತಲೇ ಬರಬಹುದು. ಸುಡೋಕೆ ಏನೂ ಉಳಿಯದ ಮನೆಯಲ್ಲಿ ಹೊಗೆ ಎಲ್ಲಿಂದ ಬರಬೇಕು!

ಕೆಲಸ ಹೇಗೆ ನಡೀತಿದೆ ಅನ್ನೋದನ್ನು ಹೇಳೋದು ಅಲ್ಬುಮಿನ್ ಮತ್ತು ಪ್ರೋಥ್ರಾಂಬಿನ್ ಟೈಮ್. ಅಲ್ಬುಮಿನ್ ಲಿವರ್ ತಯಾರಿಸೋ ಪ್ರೋಟೀನ್, ಸಾಮಾನ್ಯವಾಗಿ ಡೆಸಿಲೀಟರ್‌ಗೆ 3.5ರಿಂದ 5 ಗ್ರಾಂ. ಅದು ಇಳಿದಾಗ ರಕ್ತನಾಳದೊಳಗೆ ನೀರು ನಿಲ್ಲಲ್ಲ, ಕಾಲಿಗೂ ಹೊಟ್ಟೆಗೂ ಸೋರುತ್ತೆ. ಅದರ ಅರ್ಧಾಯುಷ್ಯ ಸುಮಾರು 20 ದಿನ, ಹಾಗಾಗಿ ಅದು ನಿಧಾನದ ಮೀಟರ್. ಪ್ರೋಥ್ರಾಂಬಿನ್ ಟೈಮ್ ಗಂಟೆಗಳ ಲೆಕ್ಕದಲ್ಲಿ ಬದಲಾಗುವ ಮೀಟರ್. ಇನ್ನು ಪ್ಲೇಟ್‌ಲೆಟ್ ಲಿವರ್ ಪ್ಯಾಕೇಜಿನಲ್ಲಿ ಬರಲ್ಲ, ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಬರುತ್ತೆ, ಆದ್ರೆ ಒಂದೂವರೆ ಲಕ್ಷಕ್ಕಿಂತ ಕೆಳಗೆ ಜಾರ್ತಾ ಇದ್ದರೆ ಲಿವರ್ ವೈದ್ಯರ ಕಿವಿ ನೆಟ್ಟಗಾಗುತ್ತೆ. ವಯಸ್ಸು, ಎಎಸ್‌ಟಿ, ಎಎಲ್‌ಟಿ, ಪ್ಲೇಟ್‌ಲೆಟ್ ನಾಲ್ಕನ್ನು ಸೇರಿಸಿ ಲೆಕ್ಕ ಹಾಕೋ ಫಿಬ್-4 ಅನ್ನೋ ಒಂದು ಸೂತ್ರ ಇದೆ: ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ, ಅದನ್ನು ಪ್ಲೇಟ್‌ಲೆಟ್ ಹಾಗೂ ಎಎಲ್‌ಟಿಯ ವರ್ಗಮೂಲದ ಗುಣಲಬ್ಧದಿಂದ ಭಾಗಿಸಬೇಕು. ಪ್ಲೇಟ್‌ಲೆಟ್ ಅನ್ನು ಸಾವಿರದಲ್ಲಿ ಬರೀಬೇಕು, ಎರಡು ಲಕ್ಷ ಅಂದ್ರೆ 200. ಉತ್ತರ 1.3ಕ್ಕಿಂತ ಕಡಿಮೆ ಬಂದರೆ ಹೆಚ್ಚು ಗಾಯ ಆಗಿರೋ ಸಾಧ್ಯತೆ ಕಡಿಮೆ, 2.67 ದಾಟಿದರೆ ಮುಂದಿನ ಪರೀಕ್ಷೆ ಬೇಕೇ ಬೇಕು. ಹತ್ತನೇ ಕ್ಲಾಸಿನ ಗಣಿತ, ಅಷ್ಟೇ. ವೈದ್ಯರ ಬದಲು ಇದನ್ನು ಬಳಸಿ ಅಂತ ಖಂಡಿತ ಹೇಳ್ತಿಲ್ಲ. ವೈದ್ಯರನ್ನು ಸರಿಯಾದ ಪ್ರಶ್ನೆ ಕೇಳೋಕೆ ಸಾಕು.

1827ರ ಮಾರ್ಚ್‌ಗೆ ವಾಪಸ್. ಲಂಡನ್ನಿನ ಫಿಲ್‌ಹಾರ್ಮೋನಿಕ್ ಸೊಸೈಟಿ 100 ಪೌಂಡ್ ನೆರವು ಕಳಿಸಿತು. ಅವನು ಹಂಬಲಿಸಿದ್ದ ರೈನ್ ವೈನ್ ಮೈಂಟ್ಸ್‌ನ ಪ್ರಕಾಶಕರಿಂದ ತಲುಪಿದ್ದು ಮಾರ್ಚ್ 24ಕ್ಕೆ. ತಡವಾಯ್ತಲ್ಲ ಅಂತ ಗೊಣಗಿದನಂತೆ. ಅದೇ ಸಂಜೆ ಪ್ರಜ್ಞೆ ತಪ್ಪಿತು. ಕರುಳಿನಲ್ಲಿ ಹುಟ್ಟುವ ಅಮೋನಿಯಾದಂಥ ವಿಷವನ್ನು ಲಿವರ್ ಶುದ್ಧ ಮಾಡದಿದ್ದರೆ ಅದು ಮೆದುಳಿಗೆ ಹೋಗುತ್ತೆ. ಮೊದಲು ಹಗಲು ನಿದ್ದೆ ರಾತ್ರಿ ಎಚ್ಚರ, ಆಮೇಲೆ ಗೊಂದಲ, ಕೈ ನಡುಕ, ಕೊನೆಗೆ ಕೋಮಾ. 26ರ ಸಂಜೆ, ಹೊರಗೆ ಗುಡುಗು ಮಿಂಚಿನ ನಡುವೆ ಸತ್ತ. 56 ವರ್ಷ. 29ರ ಅಂತ್ಯಯಾತ್ರೆಗೆ ಸುಮಾರು 20,000 ಜನ ಸೇರಿದ್ದರು ಅನ್ನೋದು ಅಂದಾಜು. ಪಂಜು ಹಿಡಿದವರಲ್ಲಿ ಶೂಬರ್ಟ್ ಒಬ್ಬ.

ಮಾರ್ಚ್ 27ರಂದು ಡಾಕ್ಟರ್ ಯೋಹಾನ್ ವಾಗ್ನರ್ ಶವಪರೀಕ್ಷೆ ಮಾಡಿ ಲ್ಯಾಟಿನ್‌ನಲ್ಲಿ ವರದಿ ಬರೆದರು. ಲಿವರ್ ಅರ್ಧಕ್ಕೆ ಕುಗ್ಗಿತ್ತು, ಚರ್ಮದಂತೆ ಗಟ್ಟಿ, ಹಸಿರುಮಿಶ್ರಿತ ನೀಲಿ ಬಣ್ಣ, ಮೇಲೂ ಒಳಗೂ ಅವರೆಕಾಳಿನ ಗಾತ್ರದ ಗಂಟುಗಳು. ಗುಲ್ಮ ಎರಡು ಪಟ್ಟಿಗಿಂತ ದೊಡ್ಡದು, ಕಪ್ಪು. ಮೇದೋಜೀರಕ ಗ್ರಂಥಿಯೂ ದೊಡ್ಡದಾಗಿ ಗಟ್ಟಿ. ಹೊಟ್ಟೆಯಲ್ಲಿ ಮತ್ತೆ ನೀರು. ಇವತ್ತು ಯಾವ ಮೆಡಿಕಲ್ ವಿದ್ಯಾರ್ಥಿಗೆ ಈ ನಾಲ್ಕು ಸಾಲು ತೋರಿಸಿದರೂ ಸಿರೋಸಿಸ್ ಅಂತಾರೆ.

ಕಾರಣ? ಕುಡಿತ ಅಂತ ಷರಾ ಬಿತ್ತು. ಅವನು ಕುಡೀತಿದ್ದ, ಪ್ರತಿದಿನ, ಊಟದ ಜೊತೆ, ಇದರಲ್ಲಿ ಅನುಮಾನವಿಲ್ಲ. ಆದ್ರೆ ಆ ಕಾಲದ ವಿಯೆನ್ನಾದ ಲೆಕ್ಕದಲ್ಲಿ ಅದು ಅತಿಯೇನಲ್ಲ ಅಂತ ಸಮಕಾಲೀನರಲ್ಲಿ ಹಲವರು ಹೇಳಿದ್ದಾರೆ. ಅಷ್ಟೇ ಕುಡಿದ ಎಷ್ಟೋ ಜನ ಬೇರೆ ಕಾಯಿಲೆಗಳಿಂದ ಸತ್ತರು. ಇವನ ಲಿವರ್ ಯಾಕೆ?

ಉತ್ತರ ಸಿಕ್ಕಿದ್ದು ಕೂದಲಲ್ಲಿ. ಅಭಿಮಾನಿಗಳು ನೆನಪಿಗೆ ಅಂತ ಅವನ ಕೂದಲಿನ ಗೊಂಚಲುಗಳನ್ನು ಇಟ್ಟುಕೊಂಡಿದ್ದರು. ಅದರಲ್ಲಿ ಎಂಟನ್ನು ಟ್ರಿಸ್ಟನ್ ಬೆಗ್, ಯೋಹಾನೆಸ್ ಕ್ರೌಸೆ ಮತ್ತು ಸಂಗಡಿಗರು ಪರೀಕ್ಷಿಸಿ 2023ರ ಮಾರ್ಚ್‌ನಲ್ಲಿ ಕರೆಂಟ್ ಬಯಾಲಜಿ ಪತ್ರಿಕೆಯಲ್ಲಿ ಪ್ರಕಟಿಸಿದರು. ಐದು ಗೊಂಚಲು ಅವನದೇ. 15 ವರ್ಷದ ಹುಡುಗ ಹಿಲ್ಲರ್ ಹೆಣದಿಂದ ಕತ್ತರಿಸಿಕೊಂಡ ಅಂತ ಹೇಳಲಾಗ್ತಿದ್ದ, 1994ರಲ್ಲಿ ಹರಾಜಾಗಿ ಪುಸ್ತಕಕ್ಕೂ ಸಾಕ್ಷ್ಯಚಿತ್ರಕ್ಕೂ ವಸ್ತುವಾಗಿದ್ದ ಗೊಂಚಲು ಮಾತ್ರ ಒಬ್ಬ ಹೆಂಗಸಿನದು! ಅದನ್ನು ನಂಬಿ ಕಟ್ಟಿದ್ದ ಸಿದ್ಧಾಂತಗಳು ಒಂದೇ ದಿನದಲ್ಲಿ ಬಿದ್ದವು.

ನಿಜವಾದ ಕೂದಲಲ್ಲಿ ಮೂರು ವಿಷಯ ಕಂಡವು. ಪಿಎನ್‌ಪಿಎಲ್‌ಎ3 ಅನ್ನೋ ಜೀನ್‌ನ ಅಪಾಯಕಾರಿ ರೂಪ, ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಒಂದೊಂದು ಪ್ರತಿ. ಇದು ಇರುವವರಲ್ಲಿ ಅದೇ ಪ್ರಮಾಣದ ಮದ್ಯ ಲಿವರ್‌ಗೆ ಹೆಚ್ಚು ಹಾನಿ ಮಾಡುತ್ತೆ. ದೇಹದಲ್ಲಿ ಕಬ್ಬಿಣ ಶೇಖರವಾಗೋದಕ್ಕೆ ಸಂಬಂಧಿಸಿದ ಎಚ್‌ಎಫ್‌ಇ ಜೀನ್‌ನಲ್ಲೂ ಎರಡು ಬದಲಾವಣೆ. ಮೂರನೇದು ನಿಜವಾದ ಬಾಂಬ್: ಹೆಪಟೈಟಿಸ್ ಬಿ ವೈರಸ್‌ನ ಡಿಎನ್‌ಎ. ಸಾಯುವ ಕೆಲವು ತಿಂಗಳ ಮೊದಲೇ ಅವನ ಮೈಯಲ್ಲಿ ಆ ಸೋಂಕು ಇತ್ತು. ಹುಟ್ಟುವಾಗ ತಾಯಿಯಿಂದ ಬಂತೋ, ರಕ್ತ ತೆಗೆಯೋ ಚೂರಿಯಿಂದಲೋ, ಲೈಂಗಿಕ ಸಂಪರ್ಕದಿಂದಲೋ ಅಂತ ಕೂದಲು ಹೇಳಲ್ಲ. 2024ರಲ್ಲಿ ಇನ್ನೊಂದು ತಂಡ ಎರಡು ಅಸಲಿ ಗೊಂಚಲುಗಳಲ್ಲಿ ಸೀಸ ಅಳೆಯಿತು. ಗ್ರಾಂಗೆ 4 ಮೈಕ್ರೋಗ್ರಾಂ ಒಳಗಿರಬೇಕಾದದ್ದು ಒಂದರಲ್ಲಿ 258, ಇನ್ನೊಂದರಲ್ಲಿ 380. ಅಗ್ಗದ ವೈನ್ ಹುಳಿಯಾಗದಂತೆ, ಸಿಹಿಯಾಗುವಂತೆ ವ್ಯಾಪಾರಿಗಳು ಸೀಸದ ಲವಣ ಬೆರೆಸ್ತಿದ್ದ ಕಾಲ ಅದು. ಅಷ್ಟು ಸೀಸ ಒಂದರಿಂದಲೇ ಸಾಯೋದಿಲ್ಲ, ಆದ್ರೆ ಹೊಟ್ಟೆಗೂ ನರಕ್ಕೂ ಒಳ್ಳೇದು ಮಾಡಿರಲ್ಲ ಅನ್ನೋದು ಅವರ ಅಭಿಪ್ರಾಯ.

ಹೀಗೆ ಆರೋಪಿಗಳು ನಾಲ್ಕು: ವೈನ್, ವೈರಸ್, ವಂಶವಾಹಿ, ಸೀಸ. ಇದರಲ್ಲಿ ಅವನ ಕೈಯಲ್ಲಿದ್ದದ್ದು ಒಂದು. ಸೀಸವಂತೂ ಕಲಬೆರಕೆ ವ್ಯಾಪಾರಿಯ ಲಾಭ ಮತ್ತು ಅದನ್ನು ತಡೆಯಲಾಗದ ಆಡಳಿತದ ಲೆಕ್ಕಕ್ಕೆ ಸೇರಬೇಕು. ಷರಾದಲ್ಲಿ ಉಳಿದಿದ್ದು ಮಾತ್ರ ವೈನ್.

ನನ್ನ ಹಾಸ್ಟೆಲ್ ರೂಮ್‌ಮೇಟ್ ಒಬ್ಬ ಹನಿ ಬಿಯರ್ ಮುಟ್ಟಿದವನಲ್ಲ. ಅಂತಿಮ ವರ್ಷದ ಕ್ಯಾಂಪಸ್ ನೇಮಕಾತಿಯಲ್ಲಿ ಕೆಲಸ ಸಿಕ್ಕಿತು, ಮೆಡಿಕಲ್‌ನಲ್ಲಿ ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂತು. ಎಎಲ್‌ಟಿ ನಾರ್ಮಲ್, ಲಕ್ಷಣ ಒಂದೂ ಇಲ್ಲ. ಕಂಪನಿ ಕಾರಣ ಬರೆಯದೇ ಆಫರ್ ವಾಪಸ್ ತಗೊಂಡಿತು. ಹಾಸ್ಟೆಲ್‌ನಲ್ಲಿ ಅವನ ತಟ್ಟೆ ಬೇರೆ ಆಯ್ತು. ಅವನು ಕದ್ದುಮುಚ್ಚಿ ಕುಡೀತಾನೆ ಅಂತ ಕೆಲವರು, ಬೇರೆಲ್ಲೋ ಹೋಗ್ತಾನೆ ಅಂತ ಕೆಲವರು. ಕೊನೆಗೆ ಅವನ ತಾಯಿಗೆ ಟೆಸ್ಟ್ ಮಾಡಿಸಿದರೆ ಅವರಿಗೂ ಪಾಸಿಟಿವ್. ಹೆರಿಗೆಯಲ್ಲಿ ದಾಟಿತ್ತು. ಊಟದ ತಟ್ಟೆಯಿಂದ, ಕೈ ಕುಲುಕೋದರಿಂದ, ಒಂದೇ ಕೀಬೋರ್ಡ್ ಬಳಸೋದರಿಂದ ಈ ವೈರಸ್ ಹರಡಲ್ಲ. ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ತಾಯಿಯಿಂದ ಮಗುವಿಗೆ ಹರಡುತ್ತೆ. ಎಚ್‌ಐವಿ ಇದೆ ಅಂತ ಕೆಲಸ ನಿರಾಕರಿಸಿದರೆ ಕೇಳೋಕೆ 2017ರ ಕೇಂದ್ರ ಕಾಯ್ದೆ ಇದೆ. ಹೆಪಟೈಟಿಸ್ ಬಿಗೆ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿ ಪ್ರಕಾರ ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಜನರಿಗೆ ಈ ಸೋಂಕಿದೆ, ಭಾರತದಲ್ಲೇ ಸುಮಾರು 3 ಕೋಟಿ.

ಆ ಎಚ್‌ಬಿಎಸ್‌ಎಜಿಯ ಕಥೆಯೂ ಚೆನ್ನಾಗಿದೆ. 1960ರ ದಶಕದಲ್ಲಿ ಬರೂಕ್ ಬ್ಲೂಂಬರ್ಗ್ ಎಂಬ ಅಮೆರಿಕನ್ ವಿಜ್ಞಾನಿ ಲಿವರ್ ಹುಡುಕಿ ಹೊರಟವರೇ ಅಲ್ಲ. ಬೇರೆಬೇರೆ ಜನಸಮುದಾಯಗಳ ರಕ್ತದ ಪ್ರೋಟೀನ್‌ಗಳಲ್ಲಿ ಇರುವ ವ್ಯತ್ಯಾಸ ನೋಡ್ತಿದ್ದರು. ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಅಪರಿಚಿತ ಪ್ರೋಟೀನ್ ಸಿಕ್ಕಿತು. ಅದು ಹೆಪಟೈಟಿಸ್ ಬಿ ವೈರಸ್‌ನ ಹೊರಕವಚದ್ದು ಅಂತ ಆಮೇಲೆ ಗೊತ್ತಾಯ್ತು. 1976ರಲ್ಲಿ ನೊಬೆಲ್ ಬಂತು. ರಕ್ತದಾನದ ಬಾಟಲಿಗಳ ತಪಾಸಣೆ, ಲಸಿಕೆ ಎರಡೂ ಅಲ್ಲಿಂದ ಹುಟ್ಟಿದ್ದು. ಆರು ತಿಂಗಳಾದರೂ ಆ ಪ್ರೋಟೀನ್ ರಕ್ತದಲ್ಲಿ ಉಳಿದರೆ ಸೋಂಕು ದೀರ್ಘಕಾಲಿಕ ಅಂತ ಲೆಕ್ಕ. ಆಗ ವೈರಸ್ ಎಷ್ಟಿದೆ ಅಂತ ಡಿಎನ್‌ಎ ಪರೀಕ್ಷೆ, ಬೇಕಾದವರಿಗೆ ದಿನಕ್ಕೊಂದು ಮಾತ್ರೆ. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ದೇಶೀಯ ಲಸಿಕೆ ತಂದು ಆಮದು ಲಸಿಕೆಯ ಬೆಲೆಯನ್ನು ನೆಲಕ್ಕಿಳಿಸಿತು. ಈಗ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಇದು ಉಚಿತ, ಮೊದಲ ಡೋಸ್ ಹುಟ್ಟಿದ 24 ಗಂಟೆಯೊಳಗೆ. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ 2018ರ ಜುಲೈ 28ರಂದು ಶುರುವಾಗಿದ್ದು, ಅದರಡಿ ಪರೀಕ್ಷೆಯೂ ಔಷಧಿಯೂ ಉಚಿತ. ದೇಶದಾದ್ಯಂತ ಮಕ್ಕಳಿಗೆ ಈ ಲಸಿಕೆ ವಿಸ್ತರಣೆ ಆಗಿದ್ದು 2011ರ ಸುಮಾರಿಗೆ. ಅಂದ್ರೆ ಇದನ್ನು ಓದ್ತಿರೋ ನಿಮ್ಮಲ್ಲಿ 20 ದಾಟಿದ ಬಹಳಷ್ಟು ಜನರಿಗೆ ಸರ್ಕಾರದಿಂದ ಅದು ಸಿಕ್ಕಿರಲಿಕ್ಕಿಲ್ಲ. ಒಂದು ರಕ್ತಪರೀಕ್ಷೆ, ನೆಗೆಟಿವ್ ಇದ್ದರೆ ಮೂರು ಇಂಜೆಕ್ಷನ್.

ರೂಮ್‌ಮೇಟ್ ಈಗ ಚೆನ್ನಾಗಿದ್ದಾನೆ. ಆರು ತಿಂಗಳಿಗೊಮ್ಮೆ ರಕ್ತ ಕೊಟ್ಟು ಬರ್ತಾನೆ. ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ.

ಇನ್ನು ಬೀಥೋವನ್ ನಿಜವಾಗಿ ಕೇಳಿಕೊಂಡಿದ್ದ ವಿಷಯ, ಕಿವುಡುತನ. ಜೀನೋಮ್ ಪೂರ್ತಿ ಜಾಲಾಡಿದರೂ ಅದಕ್ಕೆ ಕಾರಣ ಸಿಗಲಿಲ್ಲ. ಶವಪರೀಕ್ಷೆಯ ದಿನ ಡಾಕ್ಟರ್ ವಾಗ್ನರ್ ಒಳಗಿವಿಯ ಎಲುಬುಗಳನ್ನು ಮುಂದೆ ಅಧ್ಯಯನ ಮಾಡೋಣ ಅಂತ ಗರಗಸದಿಂದ ಕೊಯ್ದು ತೆಗೆದಿಟ್ಟಿದ್ದರು. ಅವು ಆಮೇಲೆ ಎಲ್ಲೋ ಕಳೆದುಹೋದವು.